ಪಡಸಾಲೆಗೆ ಗಾಳಿ, ಅಡುಗೆಮನೆಗೆ ಹೊಗೆ

ಹಳೇ ತೊಟ್ಟಿಮನೆಯಲ್ಲಿ ಎಷ್ಟು ಚೆನ್ನಾಗಿ ಗಾಳಿಯಾಡುತ್ತಿತ್ತು ಎಂದು ಯಾರಾದರೂ ಕೊಂಡಾಡಿದರೆ, ಹೇಳುತ್ತಿರುವವರು ಗಂಡಸರೇ ಇರಬೇಕು ಅಂದುಕೊಳ್ಳುತ್ತೇನೆ. ಅರಸೀಕೆರೆ ಕಡೆಯ ನಮ್ಮ ಮನೆಯಲ್ಲೂ ಗಾಳಿಯಾಡುತ್ತಿತ್ತು: ಜಗಲಿಯಲ್ಲಿ, ಪಡಸಾಲೆಯಲ್ಲಿ, ತೊಟ್ಟಿಯ ಸುತ್ತ. ಅಂದರೆ ಎಲೆಯಡಿಕೆ ಹಾಕಿಕೊಂಡು ಕೂರುವ ಕಡೆ. ಅಡುಗೆಮನೆ ಹಿಂದಿನ ಮೂಲೆಯಲ್ಲಿ. ಅದಕ್ಕೆ ಮೊಳದಗಲದ ಒಂದು ಕಿಟಕಿ, ಮೇಲೊಂದು ಬೆಳಕಿಂಡಿ. ಮಳೆಗಾಲದಲ್ಲಿ ಬೆಳಕಿಂಡಿಯನ್ನೂ ಮುಚ್ಚಿಬಿಡುತ್ತಿದ್ದರು. ಹಸಿ ಸೌದೆಯ ದಿನ ಅಮ್ಮ ಊದುಗೊಳವೆ ಹಿಡಿದು ಊದಿ ಊದಿ, ಕಣ್ಣು ಕೆಂಪಗೆ ಮಾಡಿಕೊಂಡೇ ಬಡಿಸಲು ಬರುತ್ತಿದ್ದಳು. ಹೊಗೆ ಆಡಿದರೆ ಜಂತೆಗೆ ಹುಳ ಹಿಡಿಯಲ್ಲ ಅನ್ನುತ್ತಿದ್ದರು ತಾತ. ಜಂತೆಯ ಆರೋಗ್ಯದ ಚಿಂತೆ ಅವರಿಗೆ ನಿಜವಾಗಿಯೂ ಇತ್ತು.

ಬಾಣಂತಿ ಕೋಣೆಯ ಕಥೆ ಇನ್ನೂ ಕೆಟ್ಟದ್ದು. ಇದ್ದೊಂದು ಕಿಟಕಿಗೂ ಗೋಣಿಚೀಲ ತುರುಕಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಂಚದ ಕೆಳಗೆ ಕೆಂಡ ಇಡುತ್ತಿದ್ದರು. ಮೇಲೆ ಸಾಂಬ್ರಾಣಿ ಹೊಗೆ. ಗಾಳಿ ಸೋಕಿದರೆ ಸನ್ನಿ ಹಿಡಿಯುತ್ತೆ ಎನ್ನುವುದು ಅಜ್ಜಿಯ ತೀರ್ಮಾನ. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆ ಸಿಡಿಯುತ್ತದೆ. ಅಕ್ಕ ತಲೆನೋವು ಅಂದಾಗ, ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ಹುಡುಕಿ ಇನ್ನಷ್ಟು ಚಿಂದಿ ತುರುಕಿದ್ದನ್ನು ನಾನೇ ನೋಡಿದ್ದೇನೆ.

ಅಡುಗೆಮನೆಯ ಹೊಗೆಗೆ ಮೊದಲು ದಾರಿ ಮಾಡಿದ್ದು ಅಸ್ತ್ರ ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ಅಸ್ತ್ರ ಕೇಂದ್ರದ ಒಲೆ ಅದು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೊರಹೋಗಲು ಕೊಳವೆ. ಸೌದೆ ಉಳಿಯುತ್ತದೆ ಎಂದು ಹೇಳಿದ್ದಕ್ಕೇ ತಾತ ಒಪ್ಪಿದ್ದು. ಅಮ್ಮನ ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ.

ಮುಂದೆ ನಾನು ಕಟ್ಟಡಗಳ ನಕ್ಷೆ ಬರೆದೇ ಹೊಟ್ಟೆ ಹೊರೆದೆ. ಯಾವ ಕೋಣೆಗೆ ಎಷ್ಟು ಗಾಳಿ ಎಂಬ ಕೋಷ್ಟಕಗಳನ್ನು ನೋಡಿದಾಗ ನಮ್ಮ ಮನೆಯನ್ನು ಹಿಂದುಮುಂದಾಗಿ ಕಟ್ಟಿದ್ದರು ಅನ್ನಿಸಿತು. ಅಮೆರಿಕದ ಆಶ್ರೇ ಸಂಸ್ಥೆ ಮನೆಗಳಿಗೆ ಹಾಕಿಕೊಟ್ಟ ಲೆಕ್ಕದಲ್ಲಿ, ಒಲೆಯ ಮೇಲಿನ ಫ್ಯಾನು ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿಯನ್ನು ಹೊರಗೆ ತಳ್ಳಬೇಕು, ಬಚ್ಚಲಿನದು 25. ಪಡಸಾಲೆಗೆ ಅಂಥ ಪ್ರತ್ಯೇಕ ಫ್ಯಾನಿನ ಮಾತೇ ಇಲ್ಲ. ಮನೆಯಲ್ಲದ ಕಟ್ಟಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ತಲೆಗೆ, ಸೆಕೆಂಡಿಗೆ 10 ಲೀಟರ್.

ಹಳೆಯವರು ಎಲ್ಲ ಕಡೆಯೂ ಎಡವಿರಲಿಲ್ಲ. ಎತ್ತರದ ಸೂರು, ಆಳೆತ್ತರದ ಕಿಟಕಿಗಳ ಹಳೇ ಆಸ್ಪತ್ರೆ ವಾರ್ಡುಗಳನ್ನು ನಾವು ಎಳೆಯ ಎಂಜಿನಿಯರುಗಳು ಗೇಲಿ ಮಾಡುತ್ತಿದ್ದೆವು. ಪೆರು ದೇಶದ ಲಿಮಾದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ 28 ಸಲದಷ್ಟು ಗಾಳಿ ಬದಲಾಗುತ್ತಿತ್ತು; ಯಂತ್ರದಿಂದ ಗಾಳಿ ಕೊಡುವ ಕೋಣೆಗಳಿಗೆ ಲೆಕ್ಕ ಹಿಡಿದದ್ದು 12. ಕ್ಷಯದಂಥ ರೋಗಕ್ಕೆ ಈ ವ್ಯತ್ಯಾಸ ದೊಡ್ಡದು. ಚಳಿಯ ಊರಲ್ಲಿ ಈ ಉಪಾಯ ನಡೆಯದು, ಅದು ಬೇರೆ ಮಾತು.

ಈಗಿನ ಬೆಂಗಳೂರಿನ ಫ್ಲಾಟುಗಳಲ್ಲಿ ಮಲಗುವ ಕೋಣೆಯೇ ಬಾಣಂತಿ ಕೋಣೆ. ಗಾಜಿನ ಕಿಟಕಿ ಬಿಗಿದು ಎ.ಸಿ. ಹಾಕುತ್ತಾರೆ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದನ್ನೇ ತಿರುಗಿಸಿ ತಂಪು ಮಾಡುತ್ತದೆ. ಮಗಳು ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಯಂತ್ರ ತಂದಿಟ್ಟಿದ್ದಾಳೆ. ಬೆಳಗಿನ ಜಾವ ಅದು ಎರಡು ಸಾವಿರ ಪಿಪಿಎಂ ದಾಟಿರುತ್ತದೆ. ಬಯಲಲ್ಲಿ ಅದು 420ರ ಆಸುಪಾಸು. ಕೋಣೆಯಲ್ಲಿ ಸಾವಿರ ಮೀರಬಾರದು ಎಂದು ಮ್ಯೂನಿಕ್ಕಿನ ಪೆಟೆನ್‌ಕೋಫರ್ ಹೇಳಿದ್ದು 1858ರಲ್ಲಿ.

ಮೊಮ್ಮಗನನ್ನು ಕರೆತರಲು ಹೋಗುವ ಟ್ಯೂಷನ್ ಕೋಣೆ ಇಪ್ಪತ್ತಡಿಗೆ ಇಪ್ಪತ್ತಡಿ, ಎತ್ತರ ಹತ್ತು. ಒಳಗೆ ನಲವತ್ತು ಮಕ್ಕಳು. ತಲೆಗೆ 10 ಲೀಟರಿನಂತೆ ಕೂಡಿಸಿದರೆ ಗಂಟೆಗೆ 1,440 ಘನ ಮೀಟರ್ ಬೇಕು. ಅಂದರೆ ಕೋಣೆಯ ಗಾಳಿ ಪೂರ್ತಿ ಹದಿಮೂರು ಸಲ ಬದಲಾಗಬೇಕು. ಇಟ್ಟಿರುವುದು ಎರಡು ಎ.ಸಿ., ತೆರೆಯದ ಗಾಜು. ಮಾಲೀಕರಿಗೆ ಲೆಕ್ಕ ತೋರಿಸಿದೆ.

"ಕಿಟಕಿ ತೆಗೆದ್ರೆ ರಿಂಗ್ ರೋಡಿನ ಧೂಳು ಸಾರ್, ಪಾಠ ಯಾರ ಕಿವಿಗೂ ಬೀಳಲ್ಲ," ಅಂದರು. ಮಾತು ಸುಳ್ಳೇನಲ್ಲ. ಒಂದು ಗೋಡೆಯ ಮೇಲೆ ಎರಡು ಎಕ್ಸಾಸ್ಟ್ ಫ್ಯಾನು, ಎದುರು ಗೋಡೆಯಲ್ಲಿ ಜಾಲರಿ ಹಾಕಿದ ಕಿಂಡಿ ಮಾಡಿಸಿ ಎಂದೆ. ಒಂದು ಫ್ಯಾನು ಹಾಕಿಸಿದ್ದಾರೆ. ಓಡಿಸಿದರೆ ತಂಪೆಲ್ಲ ಹೊರಗೆ ಹೋಗಿ ಬಿಲ್ಲು ಏರುತ್ತದೆ ಎಂದು, ಪೋಷಕರ ಸಭೆಯ ದಿನ ಮಾತ್ರ ಓಡಿಸುತ್ತಾರೆ.