ತಂಗಿ ಮದುವೆ ಮತ್ತು ನನ್ನ ವೀಸಾ

ಬರೆಯದೆ ತುಂಬಾ ದಿನ ಆಯ್ತು. ತಲೆಯೆಲ್ಲ ವೀಸಾ ಕಾಗದಗಳಲ್ಲೇ ಸಿಕ್ಕಿಕೊಂಡಿತ್ತು.

ಅಮೆರಿಕಕ್ಕೆ ಬಂದು ಎಚ್-1ಬಿಯ ಮೊದಲ 3 ವರ್ಷ ಮುಗಿಸಿದೆ. ಇನ್ನೂ 3 ವರ್ಷಕ್ಕೆ ಮಂಜೂರಾಗಿದೆ. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿದರೆ, "ಹಾಗಾದ್ರೆ ತಂಗಿ ಮದುವೆಗೆ ಬರ್ತೀಯಲ್ಲ?" ಅಂದಳು.

ತೊಡಕಿರೋದೇ ಅಲ್ಲಿ ನೋಡಿ. ಸಿಕ್ಕಿರುವ ಕಾಗದ ಇಲ್ಲಿ ಇರೋಕೆ, ಕೆಲಸ ಮಾಡೋಕೆ ಸಾಕು. ಹೊರಗೆ ಹೋಗಿ ಮತ್ತೆ ಒಳಗೆ ಬರೋಕೆ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಅಂಟಿಸಿರಬೇಕು. ನನ್ನದರಲ್ಲಿರೋದು ಹಳೇದು, ಅವಧಿ ಮುಗಿದದ್ದು. ಊರಿಗೆ ಹೋಗದೆ ಇಲ್ಲೇ ನವೀಕರಿಸಿಕೊಳ್ಳುವ ಪ್ರಯೋಗವೊಂದು 2024ರಲ್ಲಿ ನಡೆದಿತ್ತು, 20,000 ಅರ್ಜಿಗಳ ಮಿತಿಯಲ್ಲಿ. ಆಗ ನನ್ನದಿನ್ನೂ ಹೊಸದು! ಮುಂಚೆ ಎಷ್ಟೋ ಜನ ಇಂಟರ್‌ವ್ಯೂ ಇಲ್ಲದೆ ಡ್ರಾಪ್‌ಬಾಕ್ಸಿಗೆ ಹಾಕಿ ಬರುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿಗೆ ಆ ಬಾಗಿಲೂ ಮುಚ್ಚಿತು. ಆ ಡಿಸೆಂಬರಿನಲ್ಲಿ ಸೋಶಿಯಲ್ ಮೀಡಿಯಾ ತಪಾಸಣೆ ಶುರುವಾಯ್ತು. ಊರಿಗೆ ಹೋಗಿದ್ದ ಗೆಳೆಯನ ಇಂಟರ್‌ವ್ಯೂ ತಿಂಗಳುಗಟ್ಟಲೆ ಮುಂದಕ್ಕೆ ಹೋಯ್ತು. ಪಾಪ, ದಾವಣಗೆರೆಯಲ್ಲಿ ಕೂತು ಇಲ್ಲಿನ ಮನೆ ಬಾಡಿಗೆ ಕಟ್ಟಿದ.

"ಕಂಪನಿ ಬದಲಾಯಿಸು ಮಾರಾಯ" ಅಂದವರಿದ್ದಾರೆ. ಹೊಸಬರು ಅರ್ಜಿ ಸಲ್ಲಿಸಿದ ಕೂಡಲೇ ಅಲ್ಲಿ ಕೆಲಸಕ್ಕೆ ಸೇರಬಹುದು, ನಿಜ. ಪಾಸ್‌ಪೋರ್ಟಿನ ಕಥೆ ಮಾತ್ರ ಅದೇ. ಇನ್ನು ಊರಲ್ಲಿ ಸಿಕ್ಕಿಬಿದ್ದು ಈ ಕೆಲಸವೇ ಹೋದರೆ? ಇಲ್ಲಿದ್ದವರಿಗಾದರೂ ಬೇರೆ ಕೆಲಸ ಹುಡುಕಲು 60 ದಿನದವರೆಗೆ ಸಿಗುತ್ತದೆ.

"ಲ್ಯಾಪ್‌ಟಾಪಲ್ಲೇ ನೋಡು ಅಣ್ಣ, ಪರವಾಗಿಲ್ಲ" ಅಂದಳು ತಂಗಿ. ಲಾಜಾಹೋಮಕ್ಕೆ ಅವಳ ಕೈಗೆ ಅರಳು ಹಾಕಬೇಕಾದವನು ನಾನು. ಲ್ಯಾಪ್‌ಟಾಪಿನಿಂದ ಹೇಗೆ ಹಾಕಲಿ?

ನಿನ್ನೆ ರಾತ್ರಿ ಟಿಕೆಟ್ ಮಾಡಿಸಿದೆ, ಒನ್ ವೇ. ವಾಪಸ್ ಯಾವಾಗ ಅಂತ ಮ್ಯಾನೇಜರ್ ಕೇಳಿದ್ದಾನೆ. ಇನ್ನೂ ಉತ್ತರ ಬರೆದಿಲ್ಲ.