ಬೋರರ್ ಟ್ರೇಸಿಂಗ್, ರೇ ಟ್ರೇಸಿಂಗ್

ನಮ್ಮ ಕಡೆ ತೋಟದವರಿಗೆ 'ಟ್ರೇಸಿಂಗ್' ಅಂದ್ರೆ ಒಂದೇ ಅರ್ಥ. ಅರೇಬಿಕಾ ಗಿಡದ ಬುಡದಿಂದ ಮೇಲಕ್ಕೆ ಕಣ್ಣಾಡಿಸುತ್ತಾ, ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯಾ, ಎಲೆ ಹಳದಿಗೆ ತಿರುಗಿದೆಯಾ ಅಂತ ನೋಡೋದು. ಇದ್ದರೆ ಒಳಗೆ ಬೋರರ್, ಅಂದ್ರೆ ಬಿಳಿ ಕಾಂಡಕೊರಕದ ಹುಳು, ಸುರಂಗ ತೋಡುತ್ತಿದೆ ಅಂತ ಲೆಕ್ಕ. ಗಿಡ ಕಿತ್ತು ಸುಡಬೇಕು. ನಾನು ಬೆಂಗಳೂರಲ್ಲಿ ರೇ ಟ್ರೇಸಿಂಗ್ ಕೆಲಸ ಮಾಡ್ತೀನಿ ಅಂದಾಗ ಕಳಸದ ಪೇಟೆಯಲ್ಲಿ ಒಬ್ಬರು, "ಹೊಸ ಔಷಧಾನಾ ಮಾರಾಯ್ರೆ?" ಅಂತ ಆಸೆಯಿಂದ ಕೇಳಿದ್ದರು.

ಬೋರರ್ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ತೊಗಟೆಯ ಬಿರುಕಲ್ಲಿ ಮೊಟ್ಟೆ ಇಟ್ಟು ಹೋಗುತ್ತೆ. ಅದಕ್ಕೇ ಅರೇಬಿಕಾ ತೋಟದಲ್ಲಿ ನೆರಳು ಅನ್ನೋದು ಅಲಂಕಾರ ಅಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವಾಗಲೂ ಯಾವ ಕೊಂಬೆ ಹೋಗಬೇಕು, ಯಾವುದು ಉಳಿಯಬೇಕು ಅಂತ ಅಪ್ಪ ಮರದ ಕೆಳಗೇ ನಿಂತು ಹೇಳ್ತಾರೆ.

ಹೋದ ವರ್ಷ ಸಾಲದ ಕಂತು ಕುತ್ತಿಗೆಗೆ ಬಂದಿತ್ತು. ಮರದ ವ್ಯಾಪಾರಿಯೊಬ್ಬರು ಬಂದು, ಇಳಿಜಾರಿನ ಬ್ಲಾಕಿನ 60 ಸಿಲ್ವರ್ ಓಕ್ ಒಟ್ಟಿಗೆ ಕೊಡಿ, ಒಂದು ವಾರದಲ್ಲಿ ಹೇಳಿ ಅಂದರು. ಸಾಲ ತೀರುತ್ತಿತ್ತು. ಆದರೆ ಕೆಳಗಿನ ಅರೇಬಿಕಾ ಬಿಸಿಲಿಗೆ ತೆರೆದುಕೊಂಡರೆ ಎರಡೇ ವರ್ಷಕ್ಕೆ ಬೋರರ್ ಪಾಲು. "ಎಲ್ಲಾ ಕೊಡೋದಾ, ಒಂದೂ ಬೇಡ್ವಾ, ಹೇಳು" ಅಂತ ಅಪ್ಪ ಫೋನಲ್ಲಿ ಕೇಳಿದರು. ಇಂಥ ಪ್ರಶ್ನೆ ನನ್ನ ಬಿಇ ಡಿಗ್ರಿಗೆ ಯಾರೂ ಕೇಳಿರಲಿಲ್ಲ.

ರೇ ಟ್ರೇಸಿಂಗ್ ಅಂದ್ರೆ ಬೆಳಕಿನ ಕಿರಣದ ಜಾಡು ಹಿಡಿಯೋದು. ಸಿನಿಮಾ, ಗೇಮುಗಳಲ್ಲಿ ಚಿತ್ರ ಬಿಡಿಸೋದಕ್ಕೆ ಬಳಸ್ತಾರೆ. ನನಗೆ ಚಿತ್ರ ಬೇಕಿರಲಿಲ್ಲ, ನೆರಳಿನ ಲೆಕ್ಕ ಸಾಕಿತ್ತು. ಪ್ರತಿ ಕಾಫಿ ಗಿಡದಿಂದ ಸೂರ್ಯನ ಕಡೆಗೆ ಒಂದು ಕಿರಣ ಬಿಡು. ನಡುವೆ ಎಲೆ ಅಡ್ಡ ಬಂದರೆ ನೆರಳು, ಬರದಿದ್ದರೆ ಬಿಸಿಲು. ರಜೆ ಹಾಕಿ ಹೋಗಿ, ಟೇಪು ಹಿಡಿದು, ಮರಮರಕ್ಕೂ ಪೇಂಟಲ್ಲಿ ನಂಬರ್ ಹಾಕಿದೆವು. ಜಿಗಣೆ ಕಾಟ ಬೇರೆ.

ಈಗ ಲೆಕ್ಕ ನೋಡಿ. ನಾಲ್ಕು ಎಕರೆಗೆ ಸುಮಾರು 4,800 ಗಿಡ. ಗಿಡಕ್ಕೆ 10 ಜಾಗ, ದಿನಕ್ಕೆ 50 ಹೊತ್ತು, ವರ್ಷದಲ್ಲಿ ಎರಡು ದಿನ: 48 ಲಕ್ಷ ಕಿರಣ. ಎಲ್ಲ ಸೇರಿ 400 ಮರ, ಮರಕ್ಕೆ 5,000 ತ್ರಿಕೋನ ಅಂದರೂ 20 ಲಕ್ಷ ತ್ರಿಕೋನ. ಪ್ರತಿ ಕಿರಣವನ್ನೂ ಪ್ರತಿ ತ್ರಿಕೋನಕ್ಕೂ ತಾಳೆ ನೋಡಿದರೆ 9.6 ಲಕ್ಷ ಕೋಟಿ ಪರೀಕ್ಷೆ. ಸೆಕೆಂಡಿಗೆ 10 ಕೋಟಿ ಮಾಡಿದರೂ 26 ಗಂಟೆ ದಾಟುತ್ತೆ. 60 ಮರಗಳನ್ನು ಒಂದೊಂದಾಗಿ ತೆಗೆದು ನೋಡೋಕೆ ಎರಡು ತಿಂಗಳು. ವ್ಯಾಪಾರಿ ಕೊಟ್ಟಿದ್ದು ಒಂದು ವಾರ.

ಇದೇ ತಲೆನೋವು 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್‌ಗೂ ಇತ್ತು. ಸರಳ ದೃಶ್ಯದಲ್ಲೇ ಶೇ. 75ರಷ್ಟು ಸಮಯ, ಜಟಿಲವಾದರೆ ಶೇ. 95ರವರೆಗೆ, ಕಿರಣ ಎಲ್ಲಿ ತಾಗುತ್ತೆ ಅಂತ ಹುಡುಕೋದಕ್ಕೇ ಹೋಗುತ್ತೆ ಅಂತ ಅವರು ಬರೆದರು. ಅದೇ ವರ್ಷ ರೂಬಿನ್ ಜೊತೆ ಸೇರಿ ದಾರಿಯನ್ನೂ ತೋರಿಸಿದರು. ವಸ್ತುಗಳನ್ನು ಪೆಟ್ಟಿಗೆಯಲ್ಲಿ ಹಾಕು, ಆ ಪೆಟ್ಟಿಗೆಗಳನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿ. ಕಿರಣ ದೊಡ್ಡ ಪೆಟ್ಟಿಗೆಗೇ ತಾಗದಿದ್ದರೆ ಒಳಗಿನ ಸಾವಿರ ಎಲೆಯನ್ನೂ ಕೇಳುವ ಹಾಗಿಲ್ಲ. ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ ಅಂತ ಹೆಸರು, ಬಾಯಲ್ಲಿ ಬಿವಿಎಚ್. ದನ ತಪ್ಪಿಸಿಕೊಂಡಾಗ ನಾವು ಮಾಡೋದೂ ಇದೇ ತಾನೇ? ಹಳ್ಳದ ಬ್ಲಾಕಿನ ಬೇಲಿ ಗಟ್ಟಿ ಇದ್ದರೆ ಆ ಬ್ಲಾಕಿನೊಳಗೆ ಗಿಡಗಿಡದ ಸಂದಿ ಯಾರೂ ಹುಡುಕಲ್ಲ.

ಪೆಟ್ಟಿಗೆ ಎಲ್ಲಿ ಒಡೆಯಬೇಕು ಅನ್ನೋದರಲ್ಲಿದೆ ಜಾಣತನ. ಪೆಟ್ಟಿಗೆಯ ಮೇಲ್ಮೈ ದೊಡ್ಡದಾದಷ್ಟೂ ಕಿರಣ ತಾಗುವ ಸಂಭವ ಹೆಚ್ಚು. ಹಾಗಾಗಿ ಮೇಲ್ಮೈ ಲೆಕ್ಕದಲ್ಲೇ ಖರ್ಚು ಅಂದಾಜು ಮಾಡಿ ಒಡೆಯಬೇಕು. 1987ರಲ್ಲಿ ಗೋಲ್ಡ್‌ಸ್ಮಿತ್ ಮತ್ತು ಸಾಲ್ಮನ್ ಹಾಕಿಕೊಟ್ಟ ದಾರಿ. 2018ರಿಂದ ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಈ ಪೆಟ್ಟಿಗೆ ಹುಡುಕಾಟಕ್ಕೇ ಬೇರೆ ಸರ್ಕ್ಯೂಟ್ ಬಂದಿದೆ. ನನ್ನ ಲ್ಯಾಪ್‌ಟಾಪಲ್ಲಿ ಅದಿರಲಿಲ್ಲ, ಬೇಕೂ ಆಗಲಿಲ್ಲ. ಸಿಲ್ವರ್ ಓಕಿಗೆಲ್ಲ ಒಂದೇ ಮಾದರಿ ಮರದ ಬಿವಿಎಚ್ ಕಟ್ಟಿ, ಅದನ್ನೇ ಜಾಗಜಾಗದಲ್ಲಿ ನಿಲ್ಲಿಸಿ, ಮೇಲೊಂದು 400 ಮರಗಳ ಬಿವಿಎಚ್ ಇಟ್ಟೆ. ಒಂದು ಮರ ಕಡಿದರೆ ಮೇಲಿನದ್ದು ಮಾತ್ರ ಮತ್ತೆ ಕಟ್ಟಿದರಾಯ್ತು. ಇಡೀ ತೋಟದ ಲೆಕ್ಕ ಒಂದು ನಿಮಿಷದೊಳಗೆ ಬಂತು.

ಒಂದು ಮಾತು. ಸಿಲ್ವರ್ ಓಕ್ ಕಂಪ್ಯೂಟರಿಗೆ ಅಚ್ಚುಮೆಚ್ಚು: ನೆಟ್ಟಗೆ, ಸಪೂರ, ಪೆಟ್ಟಿಗೆಗಳು ಒಂದಕ್ಕೊಂದು ತಾಗಲ್ಲ. ಹಲಸು, ಅತ್ತಿ, ಬಸರಿ ಹರಡಿಕೊಂಡಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ, ಪ್ರೋಗ್ರಾಮ್ ನಿಧಾನ. ಪ್ರೋಗ್ರಾಮ್ ಒದ್ದಾಡಿದ ಜಾಗದಲ್ಲೇ ನಮ್ಮ ಕಾಫಿ ಚೆನ್ನಾಗಿರೋದು.

ಆ ಎರಡು ದಿನಗಳನ್ನು ಬೋರರ್ ದುಂಬಿ ಹಾರುವ ಕಾಲದಿಂದ ಆರಿಸಿದ್ದೆ, ಏಪ್ರಿಲ್ ಕೊನೆ ಮತ್ತು ನವೆಂಬರ್. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನಡುನೆತ್ತಿಯಲ್ಲಿರ್ತಾನೆ. ನವೆಂಬರಲ್ಲಿ ದಕ್ಷಿಣಕ್ಕೆ ವಾಲಿರ್ತಾನೆ, ನೆರಳು ಉತ್ತರಕ್ಕೆ ಬೀಳುತ್ತೆ. ಹಾಗಾಗಿ ತೋಟದ ದಕ್ಷಿಣದ ಅಂಚಲ್ಲಿ, ಕಾಫಿಯ ಮೇಲೆ ಇಲ್ಲವೇ ಇಲ್ಲ ಅನ್ನಿಸುವ ಮರಗಳು ನವೆಂಬರಲ್ಲಿ ಎರಡು ಸಾಲು ಗಿಡ ಕಾಯ್ತಿದ್ದವು. ವ್ಯಾಪಾರಿ ಮೊದಲು ಗುರುತು ಹಾಕಿದ್ದೂ ಅವಕ್ಕೇ. ರಸ್ತೆ ಬದಿ, ಸಾಗಿಸೋದು ಸುಲಭ. ಒಂದೊಂದಾಗಿ ಕಡಿದರೆ ಏನೂ ಆಗದ ಮರಗಳು ಜೊತೆಗೆ ಹೋದರೆ ಬಿಸಿಲಿನ ಕಿಂಡಿ ತೆರೆಯುತ್ತಿದ್ದವು. ಅದಕ್ಕೆ ಗುಂಪುಗುಂಪಾಗಿ ನೂರಾರು ಸಲ ಓಡಿಸಿದೆ, ಎರಡು ರಾತ್ರಿ ಸಾಕಾಯ್ತು. ಕೊನೆಗೆ ಉಳಿದ ಪಟ್ಟಿ: 60ರಲ್ಲಿ 23 ಮರ ಕೊಡಬಹುದು.

ಅಪ್ಪ ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು. ಮೂರು ನಂಬರ್ ಹೊಡೆದು ಹಾಕಿದರು.

"ನೆರಳಿಗೆ ತೊಂದರೆ ಇಲ್ಲಪ್ಪ, ಇವು ಹೋಗ್ಬಹುದು" ಅಂದೆ.

"ನೆರಳಿಗಿಲ್ಲ ಮಾರಾಯ. ಅದರ ಮೇಲಿರೋ ಮೆಣಸಿನ ಬಳ್ಳಿ ನಿನ್ನ ಕಂಪ್ಯೂಟರಿಗೆ ಕಂಡಿದ್ಯಾ?"

20ಕ್ಕೆ ಲೋಡಾಗಲ್ಲ ಅಂತ ವ್ಯಾಪಾರಿ ರೇಟು ಇಳಿಸಿದರು. ಅಪ್ಪ ಅರ್ಧ ದಿನ ಚೌಕಾಸಿ ಮಾಡಿ, ಪಕ್ಕದ ತೋಟದವರ ಎಂಟು ಮರ ಸೇರಿಸಿ, ಮೊದಲಿನ ರೇಟಿಗೇ ಒಪ್ಪಿಸಿದರು. ಸಾಲದ ಬಾಕಿ ಕಂತು ನನ್ನ ಸಂಬಳದಿಂದ ಹೋಗ್ತಿದೆ. ಈ ಸಲ ಆ ಬ್ಲಾಕಿನ ಟ್ರೇಸಿಂಗಿಗೆ ನಾನೂ ರಜೆ ಹಾಕಿ ಹೋಗ್ತಿದ್ದೀನಿ.