ಪೇಟಿ, ತಬಲಾ ಮತ್ತು ಒಂದು ಹಲಗಿ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬಿಸಿಲಿಗೆ ತಲೆ ಓಡಲಿಲ್ಲ ಅಂತ ನೆಪ ಹೇಳಬಹುದು, ರೋಣದ ಮೇ ತಿಂಗಳ ಬಿಸಿಲು ಕಂಡವರು ಒಪ್ಪಿಯೂ ಒಪ್ತೀರಿ. ಆದ್ರೆ ಈ ಸಲ ಅಕ್ಕನ ಊರಿಗೆ ಹೋದಾಗ ನೋಡಿದ್ದನ್ನ ಬರೀಲೇಬೇಕು ಅನ್ನಿಸ್ತು.

ಅಕ್ಕನ ಮನೆ ರೋಣದಲ್ಲಿ. ಅವಳ ಮಗಳಿಗೆ ಹತ್ತು ವರ್ಷ. ಅವರ ಓಣಿಯಲ್ಲಿ ಒಬ್ಬರು ಪೇಟಿ ಮಾಸ್ತರು ಇದ್ದಾರೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ, ಗೊತ್ತಿಲ್ಲದವರಿಗೆ ಹೇಳಿದೆ. ಪ್ರತಿ ಬೇಸಿಗೆ ರಜೆಯಲ್ಲಿ ಗುಡಿಯ ಪಡಸಾಲೆಯಲ್ಲಿ ಹದಿನೈದು ದಿನ ಮಕ್ಕಳಿಗೆ ಶಿಬಿರ ಮಾಡ್ತಾರೆ. ಬೆಳಿಗ್ಗೆ ಏಳರಿಂದ ಹತ್ತು, ಆಮೇಲೆ ಕಲ್ಲು ಕಾಯ್ತದೆ, ಯಾರೂ ಕೂರೋಕಾಗಲ್ಲ. ಈ ಸಲ ಇಪ್ಪತ್ತೆರಡು ಮಕ್ಕಳು. ಇಬ್ಬರು ನರಗುಂದದಿಂದ ಅಜ್ಜಿ ಮನೆಗೆ ಬಂದವರು, ಒಬ್ಬ ಗಜೇಂದ್ರಗಡದ ಮಗ್ಗದ ಮನೆಯ ಹುಡುಗ. ಆ ಹುಡುಗನಿಗೆ ತಾಳ ಹೇಳಿಕೊಡೋದೇ ಬೇಕಾಗಲಿಲ್ಲ. ಹುಟ್ಟಿದಾಗಿಂದ ಮಗ್ಗದ ಲಟಪಟ ಕೇಳಿದವನು.

ಮಾಸ್ತರ ನಿಯಮ ಒಂದೇ. ಮೊದಲ ಹತ್ತು ದಿನ ಯಾವ ವಾದ್ಯವೂ ಯಾರದ್ದೂ ಅಲ್ಲ. ಎರಡು ದಿನ ಪೇಟಿ, ಎರಡು ದಿನ ತಬಲಾ, ಎರಡು ದಿನ ಕೊಳಲು, ಹಾಗೇ ತಿರುಗ್ತಾ ಇರಬೇಕು. ಕೊನೆಯ ಐದು ದಿನಕ್ಕೆ ಮಾತ್ರ ನಿನಗೆ ಬೇಕಾದ್ದು ಆರಿಸ್ಕೋ. ಬೆಂಗಳೂರಿನಲ್ಲಿ ನಾನು ನೋಡಿದ ಶಿಬಿರಗಳಲ್ಲಿ ಫಾರ್ಮ್ ತುಂಬುವಾಗಲೇ ಕೀಬೋರ್ಡಾ ಗಿಟಾರಾ ಅಂತ ಟಿಕ್ ಹಾಕಬೇಕು. ಹುಡುಗ ಗಿಟಾರ್ ಮುಟ್ಟಿಯೇ ಇರಲ್ಲ, ಅಪ್ಪ ಟಿಕ್ ಹಾಕಿ ದುಡ್ಡು ಕಟ್ಟಿರ್ತಾನೆ. ಇದನ್ನ ಮಾಸ್ತರಿಗೆ ಹೇಳಿದೆ. "ಮದಿವಿ ಮಾಡೂಕಿಂತ ಮೊದ್ಲ ಕನ್ಯಾ ನೋಡೂದಿಲ್ಲೇನ್ರಿ ನೀವು?" ಅಂದ್ರು :-)

ಇರೋ ಸಾಮಾನು ಎರಡು ಪೇಟಿ, ಮೂರು ಜೋಡಿ ತಬಲಾ, ಆರು ಕೊಳಲು, ಒಂದು ಏಕತಾರಿ, ಒಂದು ಬುಟ್ಟಿ ತಾಳ. ಒಂದು ಪೇಟಿಯಲ್ಲಿ ಮಂದ್ರದ ಒಂದು ಮನೆ ಒತ್ತಿದರೆ ಮೇಲೆ ಏಳೋದೇ ಇಲ್ಲ, ಬೆರಳಿಂದ ಎತ್ತಬೇಕು. ಪೇಟಿ ಮುಂದೆ ಯಾವಾಗಲೂ ಜಗಳ, ಯಾಕಂದ್ರೆ ಮುಟ್ಟಿದ ಕೂಡಲೇ ಸ್ವರ ಬರ್ತದೆ. ಸಣ್ಣ ಮಕ್ಕಳಿಗೆ ಎರಡೂ ಕೈ ಸಾಲಲ್ಲ ಅಂತ ಒಬ್ಬರು ಗಾಳಿ ಒತ್ತೋದು, ಇನ್ನೊಬ್ಬರು ನುಡಿಸೋದು. ಕೊಳಲಿನದು ತದ್ವಿರುದ್ಧ. ಎರಡು ದಿನ ಬರೀ ಉಫ್ ಉಫ್. ಒಬ್ಬನಿಗೆ ತಲೆ ತಿರುಗಿ ಮಲಗಿಸಿದ್ದೂ ಆಯ್ತು. ಮೂರನೇ ದಿನ ನರಗುಂದದ ಹುಡುಗಿಯ ಕೊಳಲಿಂದ ಒಂದು ಸ್ವರ ಸ್ವಚ್ಛವಾಗಿ ಹೊರಟಾಗ ಅವಳೇ ಬೆಚ್ಚಿ ಕೊಳಲು ಕೆಳಗಿಟ್ಟಳು. ತಬಲಾದ ಕಪ್ಪು ಬಿಲ್ಲೆ ಏನು ಅಂತ ಎಲ್ಲರದೂ ಒಂದೇ ಪ್ರಶ್ನೆ. ಕಬ್ಬಿಣದ ಪುಡಿ ಕಲಸಿದ ಹಿಟ್ಟನ್ನ ಪದರ ಪದರವಾಗಿ ತಿಕ್ಕಿ ತಿಕ್ಕಿ ಕೂರಿಸಿದ್ದು, ಅದಿಲ್ಲದಿದ್ದರೆ ತಬಲಾ ಹಾಡಲ್ಲ, ಬರೀ ಬಡೀತದೆ ಅಂತ ಮಾಸ್ತರು ತೋರಿಸಿದರು.

ಹಾರ್ಮೋನಿಯಂ ಅನ್ನ 1940ರಿಂದ 1971ರವರೆಗೆ ಆಕಾಶವಾಣಿ ದೂರ ಇಟ್ಟಿತ್ತು. ಗಟ್ಟಿ ಮನೆಗಳ ಪೆಟ್ಟಿಗೆ, ಮೀಂಡ್ ಬರಲ್ಲ, ನಮ್ಮ ಶ್ರುತಿಗೆ ಹೊಂದಲ್ಲ ಅನ್ನೋದು ವಾದ. ಮೀಂಡ್ ಬರಲ್ಲ ಅನ್ನೋದು ನಿಜವೇ. ಆದ್ರೆ ಅದೇ ಕಾಲದಲ್ಲಿ ನಮ್ಮ ಕಡೆ ಭಜನೆ, ನಾಟಕ, ಕೀರ್ತನೆ ಯಾವುದೂ ಪೇಟಿ ಇಲ್ಲದೆ ನಡೀತಿರಲಿಲ್ಲ. ವಾದ್ಯಗಳಲ್ಲೂ ಮೇಲು ಕೀಳು ಮಾಡೋದು ದೊಡ್ಡವರ ಚಟ. ಇದನ್ನ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗ್ತದೆ.

ರೋಣ ಅಂದ್ರೆ ಭೀಮಸೇನ ಜೋಶಿ ಹುಟ್ಟಿದ ಊರು, 1922ರಲ್ಲಿ. ಅವರ ಬಾಲ್ಯದ ಕತೆ ನಿಮಗೆ ಗೊತ್ತಿರಬಹುದು. ಬೀದಿಯಲ್ಲಿ ವಾದ್ಯದವರ ಮೆರವಣಿಗೆ ಹೊರಟರೆ ಹುಡುಗ ಹಿಂದೆ ಹಿಂದೆ ಹೋಗಿಬಿಡೋನು, ದಣಿದಲ್ಲಿ ಮಲಗಿಬಿಡೋನು. ಅಪ್ಪ ಪೊಲೀಸರ ಹತ್ತಿರ ಓಡಾಡಿ ಸಾಕಾಗಿ, ಕೊನೆಗೆ ಮಗನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರ ಮಗ ಅಂತ ಬರೆಸಿಬಿಟ್ಟರು. ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, 1933ರಲ್ಲಿ ಗುರುವನ್ನ ಹುಡುಕಿಕೊಂಡು ಮನೆ ಬಿಟ್ಟಾಗ ವಯಸ್ಸು ಹನ್ನೊಂದು. ನನಗೆ ಇಷ್ಟ ಆಗೋದು ಆ ಅಂಗಿಯ ಕತೆ. ಹುಡುಗ ಮೆರವಣಿಗೆ ಹಿಂದೆ ಹೋಗೋದನ್ನ ನಿಲ್ಲಿಸೋಕೆ ಆಗಲ್ಲ ಅಂತ ಅಪ್ಪನಿಗೆ ತಿಳಿದುಹೋಗಿತ್ತಲ್ಲ, ಅದು.

ಮಾಸ್ತರು ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳು ಇದ್ದ ಕಾಲದಲ್ಲಿ. ಗವಾಯಿಗಳಿಗೆ ಚಿಕ್ಕಂದಿನಿಂದ ಕಣ್ಣಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಎಲ್ಲವೂ ಕೈಗೆ ಬಂದಿದ್ದವು. 2010ರಲ್ಲಿ ಹೋದರು. "ಅಜ್ಜಾರು ಯಾವ ವಾದ್ಯಕ್ಕೂ ಒಲ್ಲೆ ಅಂದವರಲ್ಲ" ಅಂತ ಮಾಸ್ತರು ಆಗಾಗ ಹೇಳ್ತಿರ್ತಾರೆ.

ಒಂಬತ್ತನೇ ದಿನ ಕೇರಿಯಿಂದ ಹಲಗಿ ಬಾರಿಸೋ ಹಿರಿಯರೊಬ್ಬರನ್ನ ಮಾಸ್ತರು ಕರೆಸಿದರು. ಅವರು ಬಂದವರೇ ಚಪ್ಪಲಿ ಬಿಟ್ಟು ಹೊರಗೆ ಬೇವಿನ ಮರದ ಕಟ್ಟೆಗೆ ಕೂತರು. "ಒಳಗ ಬರ್ರಿ ಯಜ್ಜಾ" ಅಂತ ಎರಡು ಸಲ ಕರೆದರೂ "ಇರ್ಲಿ ಬಿಡ್ರಿ ಸರ, ಇಲ್ಲೇ ನೆಳ್ಳೈತಿ" ಅಂದರು. ಮಾಸ್ತರು ಮಾತಾಡಲಿಲ್ಲ, ಮಕ್ಕಳನ್ನೆಲ್ಲ ಎಬ್ಬಿಸಿ ಕಟ್ಟೆ ಸುತ್ತ ಕೂರಿಸಿ ತಾವೂ ಕೆಳಗೆ ಕೂತರು. ಅಜ್ಜ ಒಣ ಕಣಿಕಿಗೆ ಬೆಂಕಿ ಹಚ್ಚಿ ಹಲಗಿ ಕಾಸಿದರು. ಕಾಸಿದ ಹಾಗೆ ಚರ್ಮ ಬಿಗೀತಾ ಹೋಗಿ ಸದ್ದು ಮೇಲೇರೋದನ್ನ ಬೆರಳಿಂದ ತಟ್ಟಿ ತಟ್ಟಿ ಕೇಳಿಸಿದರು. ಆಮೇಲೆ ಹೆಗಲಿಗೆ ಹಾಕಿ ಎರಡು ಕೋಲು ಹಿಡಿದು ಅಲಾಯಿ ಹಬ್ಬದ ಹೆಜ್ಜೆಗೆ ಬಾರಿಸಿದರು ನೋಡಿ... ಮಕ್ಕಳು ಎದ್ದು ಕುಣಿದೇಬಿಟ್ಟವು.

ಮರುದಿನ ಮೂರು ಮಕ್ಕಳು ಬರಲಿಲ್ಲ. ಗುಡಿಯ ಹಿರಿಯರೊಬ್ಬರು ಬಂದು ಮುಂದಿನ ವರ್ಷ ಪಡಸಾಲೆ ಕೊಡೋದರ ಬಗ್ಗೆ ವಿಚಾರ ಮಾಡಬೇಕಾಗ್ತದೆ ಅಂತ ಹೇಳಿ ಹೋದರು. ಅದೇ ದಿನ ಸಂಜೆ ನಮ್ಮ ಹುಡುಗಿ ತಾನು ಆರಿಸಿದ್ದು ಹಲಗಿ ಅಂದಳು.

ಅಕ್ಕನ ಅತ್ತೆಗೆ, ಅಂದ್ರೆ ಆಯಿಗೆ, ಸಿಟ್ಟು ಬಂತು. "ಹೆಣ್ಣುಡಿಗಿ ಹಲಗಿ ಬಾರಸ್ತಾಳಂತ! ಸತ್ತವರ ಮುಂದ ಬಾರ್ಸೂದು ಅದು."

"ಆಯಿ, ತಬಲಾಕ್ಕೂ ಚರ್ಮಾನ ಹಚ್ಚಿರ್ತಾರ."

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ಆಯಿ ಎದ್ದು ಅಡುಗೆಮನೆಗೆ ಹೋದರು. ಅಲಾಯಿ ಹಬ್ಬದಲ್ಲಿ ಇದೇ ಹಲಗಿ ಸದ್ದಿಗೆ ಓಣಿಯ ಹೆಂಗಸರ ಜೊತೆ ಆಯಿಯೂ ಬಂದು ನಿಲ್ತಾರೆ, ನಾನೇ ನೋಡಿದ್ದೇನೆ. ಭಾವ ಹುಬ್ಬಳ್ಳಿಯಿಂದ ಕೀಬೋರ್ಡ್ ತಂದುಕೊಡ್ತೀನಿ ಅಂದ. ಹುಡುಗಿ ಬಗ್ಗಲಿಲ್ಲ. ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ನಾನು ಅವಳ ಪರ ಮಾತಾಡಿದೆ. "ನಿಮ್ದೇನ್ ಬಿಡ್ರಿ, ನಾಳೆ ಬಸ್ ಹತ್ತತೀರಿ. ಅಂಗಡ್ಯಾಗ ಕುಂತು ಮಂದಿ ಮಾತ ಕೇಳಾಂವ ನಾನು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ "ಆ ಯಜ್ಜ ಭಾರಿ ಬಾರಸ್ತಾನ ಖರೇ" ಅಂದ.

ಕೊನೆ ದಿನದ ಕಾರ್ಯಕ್ರಮದಲ್ಲಿ ಹಲಗಿಗೆ ನಾಲ್ಕು ಮಕ್ಕಳು, ಮಗ್ಗದ ಮನೆ ಹುಡುಗ, ನಮ್ಮವಳು, ಇನ್ನಿಬ್ಬರು. ಎರಡು ಸಲ ತಾಳ ತಪ್ಪಿತು, ಕಟ್ಟೆಯ ಮೇಲಿಂದ ಅಜ್ಜ ಕೈ ತಟ್ಟಿ ಎತ್ತಿಕೊಟ್ಟರು. ಆಯಿ ಬರಲಿಲ್ಲ. ಮೈಕಿನ ಸದ್ದು ಮನೆಗೆ ಕೇಳ್ತದೆ, ಬಾಗಿಲು ಹಾಕಿರಲಿಲ್ಲ ಅಂತ ಅಕ್ಕ ಆಮೇಲೆ ಹೇಳಿದಳು.

ಹಲಗಿಯನ್ನ ಮನೆಯೊಳಗೆ ತರೋ ಹಾಗಿಲ್ಲ, ಅದು ಮಾಸ್ತರ ಮನೆಯಲ್ಲಿದೆ. ಭಾನುವಾರ ಬೆಳಿಗ್ಗೆ ಅಜ್ಜ ಅಲ್ಲಿಗೆ ಬರ್ತಾರೆ. ಭಾವನೇ ಮಗಳನ್ನ ಬೈಕಿನಲ್ಲಿ ಬಿಡ್ತಾನೆ, ಓಣಿಯ ತುದಿಯಲ್ಲಿ ಇಳಿಸಿ ಹೋಗ್ತಾನಂತೆ.

ಅಂದ ಹಾಗೆ, ನಿಮ್ಮ ಯಾರದಾದ್ರೂ ಮನೆ ಅಟ್ಟದ ಮೇಲೆ ಹಳೇ ಪೇಟಿ ಇದ್ರೆ ತಿಳಿಸಿ. ಒಂದೆರಡು ಮನೆ ಕೆಟ್ಟಿದ್ದರೂ ಪರವಾಗಿಲ್ಲ, ಮಾಸ್ತರು ರಿಪೇರಿ ಮಾಡ್ಕೋತಾರೆ. ಮುಂದಿನ ಬೇಸಿಗೆಗೆ ಜಾಗ ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದ್ದಾರೆ.